ನಿದ್ದೆಗೇಡಿ

ಕುರಿಗಳ ಉಣ್ಣೆ ಕತ್ತರಿಸುವ ಕಾಲ, ಮಧ್ಯಾಹ್ನದ ಚಹಾದ ಹೊತ್ತು. ಹಳೆಯ ಪದಗಳನ್ನು ಬರೆದುಕೊಳ್ಳಲು ಫ್ರುಂಜೆ ನಗರದಿಂದ ಬಂದಿದ್ದ ಎಸೆನ್ ನಮ್ಮ ಬಿಡಾರದಲ್ಲಿ ಕುಳಿತಿದ್ದ. ಮೊದಲ ದಿನವೇ ಅವನ ಮೇಲೆ ನನಗೆ ಸಿಟ್ಟು ಬಂತು.

ನಮ್ಮಲ್ಲಿ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ನನ್ನ ಮಾವನ ಹೆಸರು ಬುಲಾಕ್. ಬುಲಾಕ್ ಎಂದರೆ ಒರತೆ. ದಿನಕ್ಕೆ ಹತ್ತು ಸಲ ನೀರಿಗೆ ಹೋಗುವವಳು ಒರತೆಯನ್ನು ಏನೆಂದು ಕರೆಯಬೇಕು? ಚಳಿಗಾಲದಲ್ಲೂ ಕಣ್ಣು ಮುಚ್ಚದ ನೀರು ಅದು. 'ನಿದ್ದೆಗೇಡಿ' ಎಂದೆ. ಆಗ ಎಲ್ಲರೂ ನಕ್ಕರು. ಮದುವೆಯಾಗಿ ಬಂದ ಮೇಲಿನ ಹನ್ನೊಂದು ವರ್ಷದಲ್ಲಿ ಗಂಡ ತೀರಿಕೊಂಡ, ಪದ ಉಳಿಯಿತು. ಕಣಿವೆಯ ಮಕ್ಕಳೆಲ್ಲ ಒರತೆಗೆ ಹಾಗೇ ಅನ್ನುತ್ತಿದ್ದರು.

ಆ ಪದ ಎಲ್ಲಿಂದ ಬಂತೆಂದು ಎಸೆನ್ ಕೇಳಿದ. ಮಾವ ಗಡ್ಡ ನೀವಿಕೊಂಡು, ಏಳು ತಲೆಮಾರಿನ ಹಿಂದಿನ ನಮ್ಮ ಹಿರಿಯರ ಮಾತು ಅಂದರು. ಅವನು ಹಾಗೇ ಬರೆದುಕೊಂಡ.

ನಾನು ಅವನ ಬಟ್ಟಲಿಗೆ ಅಂಚಿನವರೆಗೂ ಚಹಾ ಸುರಿದೆ. ಅರ್ಧ ಬಟ್ಟಲು ಮರ್ಯಾದೆ. ತುಂಬು ಬಟ್ಟಲೆಂದರೆ ಎದ್ದು ಹೋಗು ಎಂದು.

ನಾನು ನೀರಿಗೆ ಹೊರಟಾಗ ಅವನು ಒರತೆಯ ತನಕ ಹಿಂದೆಯೇ ಬಂದ.

"ಬಟ್ಟಲು ಯಾಕ್ರೀ ತುಂಬಿಸಿಬಿಟ್ರಿ?"

"ಖಾಲಿ ತಲೆ ಇಟ್ಕೊಂಡು ಬಂದಿದ್ರಲ್ಲ, ಅದಕ್ಕೆ. ಆ ಪದ ಹುಟ್ಟಿದ್ದು ಈ ಬಾಯಲ್ಲಿ."

ಯಾಕೆ ಹುಟ್ಟಿತು ಎಂದ. ಹೇಳಬೇಕಾದರೆ ಆ ಹೆಸರೇ ಬೇಕು. ಬಾಯಿ ತೆರೆದೆ, ಮುಚ್ಚಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಅದಕ್ಕೂ ಸಿಟ್ಟು ಬಂತು, ಕೆನ್ನೆ ಸುಟ್ಟಿತು.

"ನಮ್ಮಮ್ಮನೂ ಹೀಗೇ ಬಾಯಿ ಮುಚ್ಕೊಳ್ತಿದ್ಲು," ಎಂದವನೇ ಮೊದಲು ಬರೆದದ್ದನ್ನು ಹೊಡೆದುಹಾಕಿದ. "ನಿಮ್ಮ ಮಾವನ ಹೆಸರು ಬೇಡ. ನಿಮ್ಮದು ಹೇಳಿ."

ಹನ್ನೊಂದು ವರ್ಷ ನಾನು ಎಲ್ಲರಿಗೂ 'ಸೊಸೆ'. ಜಿಪಾರ್ ಎಂದು ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಆಮೇಲೆ ಇಪ್ಪತ್ತು ದಿನ ಅವನು ಒಂದಿಲ್ಲೊಂದು ಪದದ ನೆವದಲ್ಲಿ ಬಂದ. ನಾನು ಬೈಯುತ್ತಲೇ ಅರ್ಧ ಬಟ್ಟಲು ಸುರಿದೆ, ಮತ್ತೆ ಮತ್ತೆ.

ಮಾವನಿಗೆ ಕಣ್ಣಿರಲಿಲ್ಲವೇ? ಎಸೆನ್ ಎದುರಿಗೇ, ಬರುವ ವಾರ ನಿನ್ನನ್ನು ಮೈದುನನಿಗೆ ಕಟ್ಟುತ್ತೇವೆ ಅಂದರು. ಕುರಿ ಹಂಚುವ ಹಾಗೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ.

"ಆಗಲ್ಲ, ಬುಲಾಕ್."

ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡರು. ಮಾವ ಬೈಯಲಿಲ್ಲ. ಒಂದು ಬಟ್ಟಲಿಗೆ ತಾವೇ ಅಂಚಿನವರೆಗೂ ಚಹಾ ಸುರಿದು ನನ್ನ ಮುಂದಿಟ್ಟರು.

ನಿಂತೇ ಕುಡಿದೆ, ಒಂದು ಹನಿ ಬಿಡದೆ.

ಹೊರಗೆ ಎಸೆನ್ ಕುದುರೆಯ ಲಗಾಮು ಹಿಡಿದು, "ನನ್ನ ಜೊತೆ ಬರ್ತೀಯಾ, ನಿದ್ದೆಗೇಡಿ?" ಎಂದ.

"ಇನ್ಮೇಲೆ ನಿನಗೂ ನಿದ್ದೆ ಇಲ್ಲ, ನೋಡ್ಕೋ," ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆ ದಿನ ಗುರುವಾರ. ಒಂದೇ ಕುದುರೆಯ ಮೇಲೆ ನಾವಿಬ್ಬರೂ ಹೊರಟೆವು.