ಡಿಲಿಸ್ ಪಾರ್ಫಿಟ್ ಮನೆಯ ಕಳ್ಳತನ

ರೋನ್ವೆನ್ ನಮ್ಮ ಬಾಗಿಲು ತಟ್ಟಿದಾಗ ಹೆವಿನಾ ಪ್ರಾಸರ್ ನನ್ನ ಅಡುಗೆಮನೆಯಲ್ಲಿ ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಪೊಲೀಸ್ ಇಲಾಖೆಯಲ್ಲಿ ಪತ್ತೇದಾರಿಕೆ ಮಾಡಿ ನಿವೃತ್ತರಾದ ಮೇಲೆ ಅವರು ನನ್ನ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಎಲ್ವಿನ್ ಬೇನನ್, ನಮ್ಮ ಕಣಿವೆಯಲ್ಲಿ ಜೀವಮಾನವಿಡೀ ಬಸ್ಸು ಓಡಿಸಿದವನು. ಗಣಿ ಮುಚ್ಚಿದ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದುದು ಹೆವಿನಾ ಹತ್ತಿರ. ಪೊಲೀಸರ ಹತ್ತಿರ ಆಮೇಲೆ.

ರೋನ್ವೆನ್ ಕೋಟು ಬಿಚ್ಚಲಿಲ್ಲ. "ಆಂಟಿ, ಕ್ಲೈವ್‌ನ ಮತ್ತೆ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು. ಅಮ್ಮನ ದುಡ್ಡು ಕದ್ದಿದ್ದು ನನ್ನ ಗಂಡನೇ ಅಂತಾರೆ."

"ಕೂತ್ಕೋ. ಎಲ್ವಿನ್, ಇವಳಿಗೆ ಚಹಾ ಕೊಡಿ. ಮೊದಲಿಂದ ಹೇಳು, ಅಳೋದು ಆಮೇಲೆ."

ರೋನ್ವೆನ್ ಹೇಳಿದಳು. ಅವಳ ತಾಯಿ ಡಿಲಿಸ್‌ದು ಬೆಟ್ಟದ ಬುಡದ ಸಾಲುಮನೆ. ಚಾವಣಿ ಸೋರುತ್ತಿತ್ತು, ರಿಪೇರಿಗೆ ದುಡ್ಡಿರಲಿಲ್ಲ. ಎರಡು ವರ್ಷದ ಹಿಂದೆ ರೋನ್ವೆನ್ ಸಾಲ ಮಾಡಿ, ಪೇಟೆ ಬೆಲೆಯನ್ನೇ ಕೊಟ್ಟು ಆ ಮನೆ ಕೊಂಡಿದ್ದಳು. ಅಮ್ಮ ಅಲ್ಲೇ ಇರುವುದು, ಕೈಯಲ್ಲಿ ನಾಲ್ಕು ಕಾಸು ಇರುವುದು, ಅಳಿಯ ಕ್ಲೈವ್ ಚಾವಣಿ ಸರಿಮಾಡುವುದು ಎಂದು ಎಲ್ಲರೂ ಸಂತೋಷವಾಗಿ ಮಾತಾಡಿಕೊಂಡಿದ್ದರು.

"ಯಾರನ್ನಾದ್ರೂ ಕೇಳ್ಕೊಂಡ್ರಾ?" ಎಂದರು ಹೆವಿನಾ.

"ಯಾರನ್ನ ಕೇಳೋದು? ಅಮ್ಮನ ಮನೇನ ನಾನು ತಗೊಂಡ್ರೆ ಯಾರಿಗೇನು ಅಂದ್ಕೊಂಡೆ. ಮನೆ ಅವಳ ಹೆಸರಲ್ಲಿದ್ದಾಗ ಅದನ್ನ ಆಸ್ತಿ ಅಂತ ಹಿಡೀತಿರಲಿಲ್ಲ. ಪಿಂಚಣಿ ಸಾಲದು ಅಂತ ಸರ್ಕಾರ ಮೇಲೆ ಸ್ವಲ್ಪ ಭತ್ಯೆ ಕೊಡ್ತಿತ್ತು. ಮಾರಿದ ದುಡ್ಡು ಬ್ಯಾಂಕಿಗೆ ಬಿದ್ದ ತಕ್ಷಣ ಅದು ನಿಂತೋಯ್ತು. ಬಾಡಿಗೆಗೆ ಸಹಾಯ ಕೇಳಿದ್ರೆ, ಮೊನ್ನೆವರೆಗೂ ನಿಂದೇ ಆಗಿದ್ದ ಮನೆ, ಕೊಡೋದು ಮಗಳಿಗೆ, ಆಗಲ್ಲ ಅಂದ್ರು. ಸರಿ, ಇರೋ ದುಡ್ಡಲ್ಲೇ ತಿನ್ನೋಣ, ಬಾಡಿಗೆ ಕೊಡೋಣ, ಅದರಲ್ಲಿ ನನ್ನ ಸಾಲದ ಕಂತು ಹೋಗ್ಲಿ ಅಂತಿದ್ವಿ. ಈಗ ಆ ದುಡ್ಡೇ ಇಲ್ಲ."

ಡಿಲಿಸ್ ಆ ದುಡ್ಡನ್ನು ಬ್ಯಾಂಕಿನಿಂದ ಸ್ವಲ್ಪಸ್ವಲ್ಪವಾಗಿ ತೆಗೆದು ಮನೆಯಲ್ಲಿ ಇಟ್ಟುಕೊಂಡಿದ್ದರಂತೆ. ನಮ್ಮೂರಿನ ಬ್ಯಾಂಕು ಮುಚ್ಚಿತ್ತು, ಎಷ್ಟೋ ಮುದುಕರು ಹಾಗೆ ಮಾಡಿದ್ದರು. ಕೋಟೆಯ ಚಿತ್ರವಿದ್ದ ನೀಲಿ ಬಿಸ್ಕತ್ತಿನ ಡಬ್ಬಿ, ಬಟ್ಟೆಯ ಬೀರುವಿನೊಳಗೆ. ಕಳೆದ ಗುರುವಾರ ಅವರು ಪ್ರಾರ್ಥನಾಮಂದಿರದ ಚಹಾಕೂಟಕ್ಕೆ ಹೋಗಿ ಬರುವಷ್ಟರಲ್ಲಿ ಹಿಂಬಾಗಿಲಿನ ಗಾಜು ಒಡೆದಿತ್ತು, ಡಬ್ಬಿ ಹೋಗಿತ್ತು.

"ಕ್ಲೈವ್ ಯಾಕೆ ಬಂದ ಇದರಲ್ಲಿ?"

"ಇನ್ನೊಂದು ಬೀಗದ ಕೈ ಅವನ ಹತ್ರ ಇದೆ. ಕೀ ಇದ್ದವನೇ ಗಾಜು ಒಡೆದು ನಾಟಕ ಆಡಿದ್ದಾನೆ ಅಂತ ನನ್ನ ಅಣ್ಣ ಗ್ಲಿನ್ ಪೊಲೀಸರಿಗೆ ಹೇಳಿದ. ಈಗ ಯಾರೂ ಕ್ಲೈವ್‌ನ ರಿಪೇರಿ ಕೆಲಸಕ್ಕೆ ಮನೆ ಒಳಗೆ ಬಿಟ್ಕೊಳ್ತಿಲ್ಲ."

"ಅಮ್ಮ ಏನಂತಾರೆ?"

"ಕ್ಲೈವ್ ಅಲ್ಲ ಅಂತಾಳೆ, ಅಷ್ಟೇ. ಮತ್ತೆ ಯಾರು ಅಂದ್ರೆ ಗೋಡೆ ನೋಡ್ತಾಳೆ."

ಮಧ್ಯಾಹ್ನ ನಾವು ಡಿಲಿಸ್ ಮನೆಗೆ ಹೋದೆವು. ಎಪ್ಪತ್ತು ದಾಟಿದ ಸಣ್ಣ ಹೆಂಗಸು, ಮನೆಯನ್ನು ಕನ್ನಡಿಯಂತೆ ಇಟ್ಟುಕೊಂಡಿದ್ದರು. ಕಾನ್‌ಸ್ಟೆಬಲ್ ಮೆರೆಡಿತ್ ಹೇಳಿದ್ದರಿಂದ ಹಿಂಬಾಗಿಲ ಬಳಿ ಏನನ್ನೂ ಮುಟ್ಟಿರಲಿಲ್ಲ. ಗಾಜಿನ ಚೂರುಗಳು ಕಲ್ಲುಹಾಸಿನ ಮೇಲೆ ಬಿದ್ದಿದ್ದವು. ಚೂರುಗಳ ಕೆಳಗೆ ಕಲ್ಲಿನ ಬಣ್ಣ ಚೌಕಾಕಾರವಾಗಿ ಗಾಢವಾಗಿತ್ತು. ಬಹುಕಾಲ ಅಲ್ಲಿ ಏನೋ ಹಾಸಿದ್ದ ಗುರುತು. ಚಿಂದಿಬಟ್ಟೆಯಲ್ಲಿ ಹೆಣೆದ ಒಂದು ಮ್ಯಾಟು ಮೆಟ್ಟಿಲಿನ ಕಂಬಿಯ ಮೇಲೆ ನೇತಾಡುತ್ತಿತ್ತು.

"ಒಳ್ಳೆ ಮ್ಯಾಟು," ಎಂದರು ಹೆವಿನಾ, ಅದರ ಮೇಲೆ ನಿಧಾನವಾಗಿ ಕೈಯಾಡಿಸುತ್ತ.

"ನಮ್ಮಮ್ಮ ಹೆಣೆದಿದ್ದು," ಎಂದರು ಡಿಲಿಸ್.

"ಗುರುವಾರದಿಂದ ಇಲ್ಲೇ ಇದೆಯಾ?"

"ಅಲ್ಲೇ ಇದೆ. ಪೊಲೀಸ್ನೋರು ಯಾವುದನ್ನೂ ಎತ್ತಬೇಡಿ ಅಂದ್ರಲ್ಲ."

ಮುಂದಿನ ಕೋಣೆಯಲ್ಲಿ ಕೂತಾಗ ಹೆವಿನಾ ಬೆನ್ನ ಹಿಂದಿನ ದಿಂಬಿನ ಅಡಿಯಿಂದ ಹೆಣಿಗೆಕಡ್ಡಿಯೊಂದನ್ನು ಎಳೆದರು. ಅದರ ಜೊತೆಗೇ ಪುಟ್ಟ ಹಸಿರು ಸ್ವೆಟರೊಂದು ಬಂತು, ಒಂದು ತೋಳು ಇನ್ನೂ ಆಗಿರಲಿಲ್ಲ. ಡಿಲಿಸ್ ಅದನ್ನು ಮೆಲ್ಲಗೆ ಕಿತ್ತುಕೊಂಡು ಮತ್ತೆ ದಿಂಬಿನ ಕೆಳಗೆ ತುರುಕಿದರು. ಬೆಂಕಿಗೂಡಿನ ಮೇಲೆ ಗಂಡನ ಫೋಟೋ ಇತ್ತು, ರೋನ್ವೆನ್ ಮದುವೆಯದು ಇತ್ತು. ನಡುನಡುವೆ ಖಾಲಿ ಜಾಗ.

ಅಷ್ಟರಲ್ಲಿ ಗ್ಲಿನ್ ಬಂದ. ಎತ್ತರದ ಆಳು, ನಗುಮುಖ, ಊರಿಗೆಲ್ಲ ಬೇಕಾದವನು. ಎರಡು ತಿಂಗಳ ಹಿಂದೆ ಅವನ ಹೆಂಡತಿ ನೆರಿಸ್ ನಾಲ್ಕು ವರ್ಷದ ಮಗು ಕ್ಯಾಡಿಯನ್ನು ಕರೆದುಕೊಂಡು ಮನೆ ಬಿಟ್ಟಿದ್ದಳು. ಯಾವನೋ ಗಂಡಸಿನ ಜೊತೆ ಓಡಿಹೋದಳು ಎಂದು ಅವನು ಹೇಳಿದ್ದ, ಊರು ನಂಬಿತ್ತು.

"ಹೆವಿನಾ ಆಂಟಿ, ಮಂಡಿನೋವಲ್ಲಿ ಇಷ್ಟು ದೂರ ಬರಬೇಕಿತ್ತಾ?" ಎಂದ. "ಕಳ್ಳ ಯಾರು ಅಂತ ಬೆಕ್ಕಿಗೂ ಗೊತ್ತು. ನಮ್ಮ ರೋನ್ವೆನ್ ಮನೇನೂ ನುಂಗಿದ್ಲು, ಅವಳ ಗಂಡ ದುಡ್ಡನ್ನೂ ನುಂಗಿದ."

"ಹೆಂಡ್ತಿ ಮಗು ಸುದ್ದಿ ಏನಾದ್ರೂ ಬಂತಾ?"

"ಹುಡುಕ್ತಾ ಇದೀನಿ. ಕೈಯಲ್ಲಿ ಬಿಡಿಗಾಸಿಲ್ಲ ಅವಳ ಹತ್ರ, ಅವಳ ಬ್ಯಾಂಕು ನೋಡ್ಕೊಳ್ಳೋನು ನಾನೇ. ಎಷ್ಟು ದೂರ ಹೋಗ್ತಾಳೆ?" ಎಂದು ನಕ್ಕ. ತಾಯಿಯ ಕಡೆ ತಿರುಗಿ, "ಕ್ಯಾಡಿ ಫೋಟೋ ಒಂದಿತ್ತಲ್ಲಮ್ಮ, ಎಲ್ಲಿ? ಅಂಗಡಿಗಳಲ್ಲಿ ತೋರಿಸೋಣ ಅಂತ."

"ಎಲ್ಲೋ ಇಟ್ಟಿದೀನಿ, ನೆನಪಿಲ್ಲ," ಎಂದರು ಡಿಲಿಸ್. ಎದ್ದು ಚಹಾದ ಬಟ್ಟಲುಗಳನ್ನು ಒಟ್ಟುಮಾಡತೊಡಗಿದರು. ಮಗುವಿನ ಬಗ್ಗೆ ಅವರು ಮಗನನ್ನು ಒಂದು ಮಾತೂ ಕೇಳಲಿಲ್ಲ.

ವಾಪಸು ಬರುವಾಗ ಹೆವಿನಾ ನನ್ನ ತೋಳು ಹಿಡಿದು ಕುಂಟುತ್ತ ನಡೆದರು. ಆಮೇಲೆ, "ಎಲ್ವಿನ್, ಗುರುವಾರ ಚಹಾಕೂಟಕ್ಕೆ ಕುರ್ಚಿ ಹಾಕೋಕೆ ಹೋಗಿದ್ರಲ್ಲ, ಏನು ತಿಂದ್ರಿ?" ಎಂದರು.

"ಡಿಲಿಸ್ ಮಾಡಿದ ಒಣದ್ರಾಕ್ಷಿ ರೊಟ್ಟಿ. ಯಾವಾಗ್ಲೂ ಅವರದೇ ಚೆನ್ನಾಗಿರೋದು."

"ಯಾವುದರಲ್ಲಿ ತಂದಿದ್ರು?"

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. "ನೀಲಿ ಡಬ್ಬಿ," ಎಂದೆ. "ಮೇಲೆ ಕೋಟೆ ಚಿತ್ರ ಇತ್ತು."

ಪ್ರಾರ್ಥನಾಮಂದಿರದ ಅಡುಗೆಕೋಣೆಯ ಬೀರುವಿನಲ್ಲಿ ಅದು ತೊಳೆದು ಬೋರಲು ಹಾಕಿದ ಹಾಗೇ ಇತ್ತು. ಹೆವಿನಾ ಅದನ್ನು ನೋಡಿ ಗೆದ್ದವರಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬರೇ ಡಿಲಿಸ್ ಮನೆಗೆ ಹೋಗಿ ಬಂದರು. ಆಮೇಲೆ ಎಲ್ಲರನ್ನೂ ಕರೆಸಿದರು.

ಆ ಸಣ್ಣ ಕೋಣೆಯಲ್ಲಿ ನಾವೆಲ್ಲ ಒತ್ತಿಕೊಂಡು ಕೂತೆವು. ಡಿಲಿಸ್ ಕಿಟಕಿಯ ಬಳಿ, ಅವರ ಎದುರಿಗೆ ರೋನ್ವೆನ್ ಮತ್ತು ಠಾಣೆಯಿಂದ ಬಂದಿದ್ದ ಕ್ಲೈವ್, ಬಾಗಿಲಿಗೆ ಒರಗಿ ಗ್ಲಿನ್, ಟೋಪಿ ತೊಡೆಯ ಮೇಲಿಟ್ಟುಕೊಂಡು ಮೆರೆಡಿತ್.

"ಈ ಮನೇಲಿ ಕಳ್ಳತನ ಆಗಿಲ್ಲ," ಎಂದು ಶುರುಮಾಡಿದರು ಹೆವಿನಾ. "ಹಿಂಬಾಗಿಲ ಹತ್ರ ಯಾವಾಗ್ಲೂ ಒಂದು ಮ್ಯಾಟು ಇರುತ್ತೆ, ಕಲ್ಲಿನ ಮೇಲೆ ಅದರ ಗುರುತಿದೆ. ಗಾಜು ಒಡೆದಾಗ ಚೂರು ಅದರ ಮೇಲೆ ಬೀಳಬೇಕಿತ್ತು. ಬಿದ್ದಿರೋದು ಬರಿ ಕಲ್ಲಿನ ಮೇಲೆ. ಮ್ಯಾಟಿನಲ್ಲಿ ಒಂದೇ ಒಂದು ಚೂರಿಲ್ಲ, ನಾನು ಕೈಯಾಡಿಸಿ ನೋಡಿದೀನಿ. ಅಂದ್ರೆ ಗಾಜು ಒಡೆಯೋಕೆ ಮುಂಚೆ ಯಾರೋ ಅದನ್ನ ಎತ್ತಿ ಹುಷಾರಾಗಿ ನೇತುಹಾಕಿದಾರೆ. ಯಾವ ಕಳ್ಳ ಹಾಗೆ ಮಾಡ್ತಾನೆ?"

"ಕ್ಲೈವ್ ಮಾಡಿರಬಹುದು," ಎಂದ ಗ್ಲಿನ್.

"ಅವನಾ?" ಎಂದಳು ರೋನ್ವೆನ್. "ಕೆಸರು ಬೂಟಲ್ಲಿ ಅದನ್ನೇ ತುಳ್ಕೊಂಡು ಬಂದು ದಿನಾ ಬೈಸ್ಕೊಳ್ಳೋನು?"

ಕ್ಲೈವ್ ನೆಲ ನೋಡುತ್ತಿದ್ದ.

"ಎರಡನೇದು ಡಬ್ಬಿ," ಎಂದರು ಹೆವಿನಾ. ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. "ಕಳುವಾದ ಹೊತ್ತಲ್ಲಿ ಇದು ಪ್ರಾರ್ಥನಾಮಂದಿರದಲ್ಲಿತ್ತು. ಎಲ್ವಿನ್ ಇದರಿಂದಲೇ ರೊಟ್ಟಿ ತಿಂದಿದಾರೆ. ಪೊಲೀಸರು ಕೇಳಿದಾಗ ಡಿಲಿಸ್‌ಗೆ ಗಾಬರಿಯಲ್ಲಿ ಬಾಯಿಗೆ ಬಂದಿದ್ದು ಬೆಳಿಗ್ಗೆ ತಾನೇ ತುಂಬಿಸಿದ್ದ ಡಬ್ಬಿ. ಹೋಗೋ ಮುಂಚೆ ಮ್ಯಾಟು ಎತ್ತಿ, ಗಾಜು ಒಡೆದು, ಚಹಾಕೂಟಕ್ಕೆ ನಡೆದಿದ್ದು ಅವರೇ."

ಮೆರೆಡಿತ್ ಡಿಲಿಸ್ ಕಡೆ ನೋಡಿದ. "ಹೌದಾ, ಮಿಸೆಸ್ ಪಾರ್ಫಿಟ್?"

"ಹೌದಪ್ಪ," ಎಂದರು ಡಿಲಿಸ್. "ಯಾವನೋ ಗೊತ್ತಿಲ್ಲದ ಕಳ್ಳ ಅಂದ್ಕೊಂಡು ಸುಮ್ಮನಾಗ್ತಾರೆ ಅಂದ್ಕೊಂಡೆ. ಕ್ಲೈವ್, ನಿನ್ನ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಮಗಾ."

"ಹಂಗಾದ್ರೆ ದುಡ್ಡೆಲ್ಲಮ್ಮ?" ಎಂದಳು ರೋನ್ವೆನ್.

"ಕೊಟ್ಟುಬಿಟ್ಟೆ."

"ಯಾರಿಗೆ?"

ಡಿಲಿಸ್ ಕಿಟಕಿಯ ಕಡೆ ತಿರುಗಿದರು.

"ನನ್ನ ಸಾಲದ ದುಡ್ಡಮ್ಮ ಅದು. ಯಾರಿಗೆ ಅಂತ ಹೇಳು, ಸಾಕು."

"ಇವರು ಮತ್ತೆ ಭತ್ಯೆ ಕೇಳಿದಾಗ ಭತ್ಯೆ ಕಚೇರಿಯೋರು ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿದ್ರು," ಎಂದರು ಹೆವಿನಾ ಬೇಗಬೇಗ. "ಕಳುವಾದ್ರೆ ಭತ್ಯೆ ಮತ್ತೆ ಬರುತ್ತೆ. ಯಾರಿಗೋ ಕೊಟ್ಟೆ, ಯಾರಿಗೆ ಅಂತ ಹೇಳಲ್ಲ ಅಂದ್ರೆ, ಅದು ಇನ್ನೂ ಇವರ ಹತ್ರಾನೇ ಇದೆ ಅಂತಲೇ ಹಿಡೀತಾರೆ. ಅದಕ್ಕೇ ಕಳ್ಳನ ಕತೆ ಹುಟ್ಟಿದ್ದು. ಉಳಿದಿದ್ದು ಪೊಲೀಸರ ವಿಷಯ ಅಲ್ಲ. ಅವರ ದುಡ್ಡು, ಅವರು ಕೊಟ್ರು."

ಗ್ಲಿನ್ ಬಾಗಿಲಿನಿಂದ ಕದಲಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದ. "ಯಾರಿಗಮ್ಮ?" ಎಂದು ಬಹಳ ಮೃದುವಾಗಿ ಕೇಳಿದ. ಆ ಮೃದು ದನಿಗೆ ಡಿಲಿಸ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದದ್ದನ್ನು ನಾನು ನೋಡಿದೆ. ಹೆತ್ತ ಮಗನಿಗೆ ಒಬ್ಬ ತಾಯಿ ಹಾಗೆ ಹೆದರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮನೆಗೆ ಬಂದ ಮೇಲೆ ಉಳಿದದ್ದನ್ನು ನಾನೇ ಹೇಳಿದೆ. "ನೆರಿಸ್‌ಗೆ."

"ನೆರಿಸ್‌ಗೆ," ಎಂದರು ಹೆವಿನಾ. "ಕೈಕಾಸಿಲ್ಲದ ಹೆಂಗಸು ಮಗು ಕಟ್ಕೊಂಡು ಎರಡು ತಿಂಗಳು ಎಲ್ಲಿರ್ತಾಳೆ? ಅವಳ ಬ್ಯಾಂಕಿನ ಮೇಲೆ ಗ್ಲಿನ್ ಕಣ್ಣು, ಅದಕ್ಕೇ ನೋಟಾಗೇ ಕೊಡಬೇಕಾಗಿತ್ತು. ಫೋಟೋ ಮುಚ್ಚಿಟ್ಟಿದ್ದು ಅವನು ಊರೂರು ತೋರಿಸದೆ ಇರಲಿ ಅಂತ. ಮೊಮ್ಮಗು ಕಾಣೆಯಾಗಿ ಎರಡು ತಿಂಗಳಾದ್ರೂ ಅಜ್ಜಿ ಒಂದು ಮಾತು ಕೇಳಲ್ಲ ಅಂದ್ರೆ, ಅವಳು ಕಾಣೆಯಾಗಿದ್ದರಲ್ಲಿ ಅಜ್ಜಿ ಕೈಯೂ ಇದೆ ಅಂತ. ನೆರಿಸ್ ಪಕ್ಕೆಲುಬು ಎರಡು ಸಲ ಮುರಿದಿತ್ತಂತೆ. ಮೂರನೇ ಸಲ ಮಗು ನಡುವೆ ಬಂತಂತೆ. ಡಿಲಿಸ್ ಬೆಳಿಗ್ಗೆ ನಂಗೆ ಹೇಳಿದ್ರು."

"ರೋನ್ವೆನ್‌ಗಾದ್ರೂ ಹೇಳಬಹುದಿತ್ತಲ್ಲ?"

"ಅದನ್ನೇ ಕೇಳ್ದೆ. ಅವಳು ಸಿಟ್ಟು ಬಂದಾಗ ಏನನ್ನೂ ಹೊಟ್ಟೇಲಿ ಇಟ್ಕೊಳ್ಳೋಳಲ್ಲ, ಗ್ಲಿನ್ ಜೊತೆ ಒಂದು ಜಗಳ ಆದ್ರೆ ಸಾಕು ಅಂದ್ರು. ಕ್ಲೈವ್‌ನ ಬಿಡಿಸ್ತೀನಿ, ಹೆಸರು ಮಾತ್ರ ಹೇಳಲ್ಲ ಅಂತ ಮಾತು ಕೊಟ್ಟು ಬಂದೆ. ಕಳ್ಳತನದ ಕತೆ ಒಡೆದ್ರೆ ಡಿಲಿಸ್ ಮುಳುಗಿದ್ರು. ಒಡೀದೇ ಇದ್ರೆ ಕ್ಲೈವ್ ಜೈಲಿಗೆ. ನೀವಾಗಿದ್ರೆ ಏನು ಮಾಡ್ತಿದ್ರಿ?"

ನಾನು ಅವರ ಬಿಸಿನೀರಿನ ಚೀಲ ತುಂಬಿಸಿ ತಂದುಕೊಟ್ಟೆ. ಅವರು ಆಮೇಲೆ ಯಾವ ಪ್ರಕರಣವನ್ನೂ ಹಿಡಿಯಲಿಲ್ಲ.

ಸುಳ್ಳು ದೂರಿಗೆ ಮೆರೆಡಿತ್ ಎಚ್ಚರಿಕೆ ಕೊಟ್ಟು ಬಿಟ್ಟ. ಭತ್ಯೆ ಕಚೇರಿಯವರು ಹೆಸರು ಕೇಳಿದರು, ಡಿಲಿಸ್ ಹೇಳಲಿಲ್ಲ, ದುಡ್ಡು ಅವರ ಬಳಿಯೇ ಇದೆ ಎಂದು ತೀರ್ಮಾನವಾಯಿತು. ಬಾಡಿಗೆ ನಿಂತಿತು, ರೋನ್ವೆನ್ ಕಂತು ನಿಂತಿತು, ಸಾಲ ಕೊಟ್ಟವರು ಮನೆ ಮಾರಿದರು. ಡಿಲಿಸ್‌ಗೆ ಬೆಟ್ಟದ ಆಚೆ, ಪರಿಚಯದವರು ಒಬ್ಬರೂ ಇಲ್ಲದ ಊರಿನಲ್ಲಿ ಒಂದು ಕೋಣೆ ಸಿಕ್ಕಿತು. ನಾವು ನೋಡಲು ಹೋದಾಗ ಕೋಟು ಹಾಕಿಕೊಂಡೇ ಹಾಸಿಗೆಯ ಮೇಲೆ ಕೂತಿರುತ್ತಿದ್ದರು. ಹೀಟರಿಗೆ ದುಡ್ಡು ಸಾಲದು ಎಂದು ಅವರು ಹೇಳಲಿಲ್ಲ, ಚಳಿಯೇನಿಲ್ಲ ಎಂದರು. ರೋನ್ವೆನ್ ಒಂದು ಸಲವೂ ಹೋಗಲಿಲ್ಲ. ನಿರಪರಾಧಿ ಎಂದು ಸಾಬೀತಾದ ಮೇಲೂ ಕ್ಲೈವ್‌ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಎರಡನೇ ಚಳಿಗಾಲದಲ್ಲಿ ಡಿಲಿಸ್ ಸತ್ತರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಗ್ಲಿನ್ ಮೊದಲಿಗ, ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

ಹೆವಿನಾ ತೀರಿಹೋಗಿ ಆರು ವರ್ಷವಾಯಿತು. ಗ್ಲಿನ್ ಕಳೆದ ವರ್ಷ ಹೃದಯಾಘಾತದಿಂದ ಹೋದ. ಇನ್ನು ಹೆದರಬೇಕಾದವರು ಯಾರೂ ಇಲ್ಲವೆಂದು ನಾನು ಬಸ್ಸು ಹಿಡಿದು ರೋನ್ವೆನ್ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ತಲೆ ಬೆಳ್ಳಗಾಗಿತ್ತು.

"ನಂಗೆ ಹೇಳಿದ್ರೆ ನಾನು ಬಾಯಿ ಬಿಡ್ತಿದ್ನಾ?" ಎಂದಳು. ಸ್ವಲ್ಪ ತಡೆದು, "ಬಿಡ್ತಿದ್ದೆನೇನೋ," ಎಂದಳು.

ಒಳಗೆ ಕ್ಲೈವ್ ಕೆಮ್ಮುವುದು ಕೇಳಿಸಿತು.

"ಆ ಮಗು ಈಗ ಎಲ್ಲಿದೆ? ಚೆನ್ನಾಗಿದಾರಾ ಅವರು?"

"ಗೊತ್ತಿಲ್ಲಮ್ಮ," ಎಂದೆ. "ಎಲ್ಲಿಗೆ ಹೋಗ್ತೀಯ ಅಂತ ನಂಗೂ ಹೇಳಬೇಡ ಅಂತ ನೆರಿಸ್‌ಗೆ ಅಂದಿದ್ರಂತೆ ನಿಮ್ಮಮ್ಮ. ಆಮೇಲೆ ಯಾರಿಗೂ ಸುದ್ದಿ ಬರಲಿಲ್ಲ."

"ಅಮ್ಮಂಗೂ?"

"ಅವರಿಗೂ ಬರಲಿಲ್ಲ."

ರೋನ್ವೆನ್ ತಲೆಯಾಡಿಸಿದಳು. ಒಳಗೆ ಬಾ ಎನ್ನಲಿಲ್ಲ. ಬಾಗಿಲು ಹಾಕಿಕೊಂಡಳು, ಮೆಲ್ಲಗೆ.