ಹೆಗಲ ಮೇಲಿನ ಕೈ

ಸುಧಾರಾಣಿ ಸೂಜಿಯ ಮೊನೆಯಿಂದ ರೇಡಿಯಂ ಹಾಳೆಯ ಬೇಡದ ಚೂರುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆಯುತ್ತಿದ್ದಳು. ಯಾರದೋ ಟಂಟಂ ಗಾಡಿಗೆ ಅಂಟಿಸುವ ಹೆಸರು. ಅಕ್ಷರದ ಹೊಟ್ಟೆಯೊಳಗಿನ ಚೂರು ಬಂದಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದಳು.

ಅವಳ ಮುಂದಿನ ಗಾಜಿನ ಮೇಜಿನ ಮೇಲೆ ಫೋಟೋ ಫ್ರೇಮೊಂದು ದೊಪ್ಪನೆ ಬಿತ್ತು.

"ಇದನ್ನ ಯಾರ್ ಮಾಡ್ಯಾರ್ರಿ?"

ಅವಳು ತಲೆ ಎತ್ತಲಿಲ್ಲ. ಫ್ರೇಮು ಹಿಡಿದ ಕೈ ನೋಡಿಯೇ ತಿಳಿಯಿತು... ದುಂಡೇಶ!

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯವನು. ಬೋರ್ಡು, ಸ್ಟಿಕರು ಎಂದು ಒಂದು ವರ್ಷದಿಂದ ಈ ಅಂಗಡಿಗೆ ಬರುತ್ತಿದ್ದ. ಅವನ ಅವ್ವ ರಾಮವ್ವ ತೀರಿಕೊಂಡು ಹತ್ತು ದಿನ. ನಾಳೆ ದಿವಸದ ಕಾರ್ಯ.

"ನಾ ಮಾಡೇನ್ರಿ..."

"ಅವ್ವನ ಹೆಗಲ ಮ್ಯಾಲ ಒಂದು ಕೈ ಇತ್ತು. ಎಲ್ಲಿ ಹೋತು?"

"ತಗದೇನ್ರಿ."

"ತಗೀರಿ ಅಂತ ನಾ ಅಂದಿದ್ನ್ಯಾ?"

ಅಂಗಡಿಯ ಒಡತಿ ನರ್ಗೀಸ ನಡುವೆ ಬಂದಳು. "ಏ ದುಂಡೇಶಪ್ಪ, ಕೂಡ್ರು ಮೊದಲ. ಇಲ್ಲಿ ತಗದ್ರ ಮಂದಿ ಖುಷಿ ಪಡ್ತಾರಪಾ! ಮೊನ್ನೆ ಒಬ್ಬಾವ ಬಂದು, ಫೋಟೋದಾಗಿಂದ ನನ್ನ ಹೇಣ್ತಿನ್ನ ತಗೀರಿ ಅಂದ. ಆಕಿ ಇನ್ನೂ ಗಟ್ಟಿ ಅದಾಳ!"

ಅವನು ನಗಲಿಲ್ಲ.

"ಅವ್ವ ನಕ್ಕದ್ದು ಅದೊಂದ ಫೋಟೋದಾಗ್ರಿ. ಫೋಟೋ ಇದ್ದ ಮೊಬೈಲ್ ನೀರಾಗ ಬಿದ್ದು ಹೋಗೇತಿ. ನಿಮ್ಮ ಹತ್ರ ಹಳೇದು ಐತೇನು?"

"ಎಲ್ಲಿಂದ? ಕೆಲಸ ಮುಗದ ಮ್ಯಾಲ ಅಳಸ್ತೀವಿ. ಕಂಪ್ಯೂಟರ್‌ದಾಗ ಜಾಗಾನ ಇರಂಗಿಲ್ಲ."

ಅವನ ದನಿ ಒಡೆಯಿತು. "ಗುಂಡಿ ಒತ್ತಾವ್ರಿಗೆ ಏನ್ ತಿಳಿತೈತಿ, ಯಾವ ಕೈ ಯಾರದು ಅಂತ!"

ಸೂಜಿ ಅವಳ ಬೆರಳಿಗೆ ಚುಚ್ಚಿತು.

ನನಗ ತಿಳಿದಷ್ಟು ಯಾರಿಗೆ ತಿಳಿದೀತು...?

ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವಳು ಅವಳು. ಮೊದಲು ಮನೆಯ ಮಗ್ಗದಲ್ಲಿ ಸೀರೆಯ ಮೈಗೆ ಸೆರಗಿನ ಎಳೆ ಕೂಡಿಸುತ್ತಿದ್ದಳು. ಆಮೇಲೆ ಈ ಅಂಗಡಿಯ ಕಸ ಹೊಡೆಯುತ್ತ, ನರ್ಗೀಸಳ ಬೆನ್ನ ಹಿಂದೆ ನಿಂತು ನೋಡುತ್ತಲೇ ಡಿಸೈನ್ ಕಲಿತಳು. ತೆರೆಯ ಮೇಲಿನ ಇಂಗ್ಲಿಷು ಇಂದಿಗೂ ಓದಲು ಬಾರದು. ಯಾವ ಚಿತ್ರ ಒತ್ತಿದರೆ ಏನಾಗುತ್ತದೆ ಎಂಬುದು ಮಾತ್ರ ಬಾಯಿಪಾಠ.

ಸತ್ತವರ ಮುಖವನ್ನು ಅವಳು ಬೆಳ್ಳಗೆ ಮಾಡುತ್ತಿರಲಿಲ್ಲ. ಸುಕ್ಕು ಅಳಿಸುತ್ತಿರಲಿಲ್ಲ. ಬೇರೆಯವರ ರೇಷ್ಮೆ ಸೀರೆ ತಂದು ಉಡಿಸುತ್ತಿರಲಿಲ್ಲ. ರಾಮವ್ವನ ಹೆಗಲಿನಿಂದ ಕೈ ತೆಗೆದಾಗ ಅಲ್ಲಿ ಸೀರೆಯೇ ಇರಲಿಲ್ಲ, ಬರೀ ತೂತು. ಪಕ್ಕದಲ್ಲಿ ಉಳಿದ ಸೀರೆಯ ಚೌಕಳಿ ಎಣಿಸಿ, ಎಳೆ ಎಳೆಯಾಗಿ ಬರೆದು, ಮೂರು ದಿನ ಕೂತು ಮುಚ್ಚಿದ್ದಳು.

ದುಂಡೇಶ ಫ್ರೇಮು ಎತ್ತಿಕೊಂಡು ಹೊರಟ.

ಈಗ ಹೋದರೆ ಇವನು ಮತ್ತೆ ಬರುವುದಿಲ್ಲ!

"ನಿಂದರ್ರಿ..."

ಅವಳು ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದಳು. ಬಿಳಿ ತೆರೆಯ ಮೇಲೆ ಒಂದು ಕೈ. ಬರೀ ಕೈ.

"ಅಳಸಿಲ್ರಿ. ಬ್ಯಾರೆ ಇಟ್ಟೇನಿ."

ನರ್ಗೀಸಳೂ ಬೆರಗಾಗಿ ನೋಡಿದಳು.

"ಮತ್ತ ತಗದದ್ಯಾಕ್ರಿ?"

"ನಾಳೆ ಫೋಟೋಕ್ಕ ಹೂವಿನ ಮಾಲಿ ಹಾಕ್ತೀರಿ. ಬದುಕಿದ್ದವರ ಕೈ ಮ್ಯಾಲ ಆ ಮಾಲಿ ಬೀಳಬಾರದ್ರಿ... ಅದೂ ನಿಮ್ಮ ಕೈ ಮ್ಯಾಲ..."

ಅವನು ಹತ್ತಿರ ಬಂದ.

"ಫೋಟೋದಾಗ ನಾ ಇರಲಿಲ್ಲ. ಮಣಿಕಟ್ಟಿನ ತನಾ ಅಷ್ಟ ಇತ್ತು. ನನ್ನ ಕೈ ಅಂತ ಹೆಂಗ ಗೊತ್ತಾತು?"

"ಹೆಬ್ಬಟ್ಟಿನ ಉಗುರು ಅರ್ಧ ಐತ್ರಿ. ಕಲ್ಲು ಬಿದ್ದಿತ್ತಲ್ರಿ, ಯುಗಾದಿ ಮುಂದ. ಬಟ್ಟಿ ಸುತ್ತಿಕೊಂಡು ಬಂದಿದ್ರಿ."

"ನೀವು ನನ್ನ ಮಾರಿ ಒಂದಿನಾನೂ ನೋಡಿಲ್ಲ!"

"ಮಾರಿ ನೋಡಾಕ ಧೈರ್ಯ ಇರಲಿಲ್ರಿ... ಕೈ ಅಷ್ಟ ನೋಡ್ತಿದ್ದೆ."

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ.

"ಒಂದ ಬೋರ್ಡ್ ಮೂರು ಸಲ ಬದಲಿ ಮಾಡಿಸಿದೆ. ಯಾಕಂತ ತಿಳಿಲಿಲ್ಲೇನು?"

"ನನಗ ತಿಳಿದಿತ್ತು ಬಿಡು," ಎಂದು ನರ್ಗೀಸ ಚಹಾ ಹೇಳುವ ನೆಪದಲ್ಲಿ ಹೊರಗೆ ನಡೆದಳು.

"ಅವ್ವಗೂ ಹೇಳಿದ್ದೆ. ಒಂದಿನ ಆ ಹುಡುಗಿನ್ನ ನೋಡಾಕ ಬರ್ತೇನಿ ಅಂದಿದ್ಲು..."

ಇಬ್ಬರೂ ಫ್ರೇಮಿನೊಳಗಿನ ನಗುವನ್ನು ನೋಡಿದರು. ಬರಬೇಕಾಗಿದ್ದವಳು ಬಂದಿದ್ದಳು, ಹೀಗೆ.

ಸುಧಾರಾಣಿಯ ಕಣ್ಣು ತುಂಬಿ ತೆರೆ ಮಂಜಾಯಿತು.

"ಕೈ ಇಟ್ಟು ಕೊಡು, ಸುಧಾ," ಎಂದ ಅವನು. ಮೊದಲ ಸಲ ಹೆಸರು ಹಿಡಿದು.

ಅವಳು ಅಳಿಸದೆ ಉಳಿಸಿಕೊಂಡಿದ್ದ ಫೋಟೋ ತೆರೆದು, ಆ ಕೈಯನ್ನು ಎತ್ತಿ ಮೆಲ್ಲಗೆ ರಾಮವ್ವನ ಹೆಗಲ ಮೇಲೆ ಇಟ್ಟಳು. ಮೂರು ದಿನ ಬರೆದ ಚೌಕಳಿ ಅದರ ಕೆಳಗೆ ಮುಚ್ಚಿಹೋಯಿತು. ಇನ್ನು ಅದು ಯಾರಿಗೂ ಕಾಣದು. ಇರಲಿ.

ಪ್ರಿಂಟ್ ಬಂತು. ಅವನು ಅದನ್ನು ಫ್ರೇಮಿಗೆ ಹಾಕಿ ಎದೆಗೆ ಒತ್ತಿ ಹಿಡಿದ. "ದಿವಸ ಮುಗದ ಮ್ಯಾಲ ನಿಮ್ಮ ಮನಿಗೆ ಬರ್ತೇನಿ. ಮಾರಿ ನೋಡಿ ಮಾತಾಡಬೇಕು ಮತ್ತ!"

"ನೋಡ್ತೇನ್ರಿ..."

"ಮನ್ಯಾಗ ದೊಡ್ಡವರು ಮಾಲಿ ತಂದಿಟ್ಟಾರ," ಎಂದ, ತನಗೇ ಎಂಬಂತೆ. ಮೆಟ್ಟಿಲು ಇಳಿಯತೊಡಗಿದ.

ಅವಳು ಬಾಗಿಲ ತನಕ ಓಡಿದಳು. ಅವನು ನಿಂತ, ತಿರುಗಲಿಲ್ಲ.

"ಇದಕ್ಕ ಮಾಲಿ ಹಾಕಬ್ಯಾಡ್ರಿ."