ಕೆಂಚವ್ವನ ಕೊರಳಪಟ್ಟಿ

ಡಾ. ಚಂದ್ರಮತಿಯವರ ಕೈಯಲ್ಲಿದ್ದ ಫಲಕದ ಮೇಲೆ ಹಸಿರು ಚುಕ್ಕೆಗಳು ಮಿನುಗುತ್ತಿದ್ದವು. ಒಂದೊಂದು ಚುಕ್ಕೆಯೂ ದುರುಗಪ್ಪನ ಮಂಡಕ್ಕಿ ಭಟ್ಟಿಯ ಒಬ್ಬೊಬ್ಬ ಕೂಲಿಯ ಎದೆಗೂಡು. ಎಲ್ಲವೂ ಅಚ್ಚ ಹಸಿರು. ರಾಜ್ಯದ ಯಾವ ಕಾರ್ಖಾನೆಯಲ್ಲೂ ಇಷ್ಟು ಆರೋಗ್ಯವಂತ ಶ್ವಾಸಕೋಶಗಳಿರಲಿಲ್ಲ. ಅದಕ್ಕೆಂದೇ ಇವತ್ತು ಪ್ರಶಸ್ತಿ ಕೊಡಲು ಅವರು ದಾವಣಗೆರೆಗೆ ಬಂದಿದ್ದರು.

ಆ ಚುಕ್ಕೆಗಳ ಮೂಲ ಅವರೇ ಕಂಡುಹಿಡಿದ ಶ್ವಾಸಸಾಕ್ಷಿ. ಹೆಬ್ಬೆರಳಿನಗಲದ ಈ ಪಟ್ಟಿಯನ್ನು ಕೊರಳಿಗೆ ಕಟ್ಟಿದರೆ ಅದು ಉಸಿರಿನ ಸದ್ದು ಕೇಳುತ್ತದೆ, ನಾಡಿ ಎಣಿಸುತ್ತದೆ, ಒಳಗೆ ಹೋಗುವ ಗಾಳಿಯ ವಿಷ ಅಳೆಯುತ್ತದೆ. ಎದೆ ಕೆಟ್ಟರೆ ಚುಕ್ಕೆ ಕೆಂಪಾಗಿ ಕಾರ್ಖಾನೆಯ ಬೆಂಕಿ ತಾನಾಗಿ ಆರುತ್ತದೆ. ಬಿಚ್ಚಿ ಎಸೆದರೆ ಕೂಗಿಕೊಳ್ಳುತ್ತದೆ. ಕತ್ತಿನಲ್ಲಿದ್ದಾಗಲೇ ನಾಡಿ ನಿಂತರೆ ಮಾತ್ರ ದುಡುಕದೆ, ಮೈ ತಣ್ಣಗಾಗುವವರೆಗೆ ಕಾದು ಸಾವನ್ನು ಸಾರುತ್ತದೆ.

"ಬಾಯನ್ನು ನಂಬಬೇಡಿ. ಮಾಲೀಕನ ಬಾಯಿ ಆಸೆಗೆ ಸುಳ್ಳು ಹೇಳುತ್ತದೆ, ಕೂಲಿಯ ಬಾಯಿ ಹೆದರಿಕೆಗೆ ಹೇಳುತ್ತದೆ. ಮೈ ಹೇಳುವುದಿಲ್ಲ" ಎಂದು ಅವರು ಸಮಿತಿಯ ಮುಂದೆ ವಾದಿಸಿ ಗೆದ್ದಿದ್ದರು. ಅಂದಿನಿಂದ ಬಾಯಿಮಾತಿನ ದೂರಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಪಟ್ಟಿ ಇರುವ ಕಡೆ ಶುದ್ಧ ಗಾಳಿ, ಕುಡಿಯುವ ನೀರು, ವಿಶ್ರಾಂತಿ ಇರತಕ್ಕದ್ದು. ಪಟ್ಟಿ ಹೇಳಿದರೆ ಮಾತ್ರ ಆಸ್ಪತ್ರೆ.

ಭಟ್ಟಿಯೊಳಗೆ ಕಾಲಿಟ್ಟಾಗ ಅವರ ಕಣ್ಣು ಉರಿಯಿತು. ಒಲೆಗೆ ಹಳೇ ಟೈರು ತುರುಕುತ್ತಿದ್ದರು. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು, ಮೇಲೆ ಕರಿ ಹೊಗೆ ಸುತ್ತುತ್ತಿತ್ತು. ಊರೆಲ್ಲ ಸಂಜೆ ಮಿರ್ಚಿಯೊಂದಿಗೆ ಮೆಲ್ಲುವ ಮಂಡಕ್ಕಿ ಇಂಥ ನರಕದಲ್ಲಿ ಹುಟ್ಟಿ ಅಷ್ಟು ಬೆಳ್ಳಗೆ ಹೊರಬರುವುದೇ ಒಂದು ನಾಚಿಕೆಗೇಡು. ಚಂದ್ರಮತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಫಲಕ ನೋಡಿದರು. ಹಸಿರು. ಅಭ್ಯಾಸವಾಗಿ ಇವರ ಮೈ ಗಟ್ಟಿಯಾಗಿರಬೇಕು ಎಂದುಕೊಂಡರು. ಓದಿದವರಿಗೆ ತಮ್ಮ ಕಣ್ಣಿಗಿಂತ ತಾವು ಮಾಡಿದ ಯಂತ್ರದ ಮೇಲೆ ನಂಬಿಕೆ ಜಾಸ್ತಿ. ಇಲ್ಲಿನವರ ಮೈಬಿಸಿ ಬೇರೆ ಕಡೆಗಿಂತ ಹೆಚ್ಚಿರುವುದನ್ನೂ ಅವರು ಗಮನಿಸಿದ್ದರು. ಅದಕ್ಕೆ 'ಶ್ರಮೋಷ್ಣ' ಎಂದು ಹೆಸರಿಟ್ಟು ವಿದ್ವಾಂಸರ ಸಭೆಯಲ್ಲಿ ಪ್ರಬಂಧವನ್ನೂ ಓದಿ ಚಪ್ಪಾಳೆ ಗಿಟ್ಟಿಸಿದ್ದರು.

ಒಲೆಯ ಬಾಯಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಕೊರಳಲ್ಲಿ ಪಟ್ಟಿ, ಅದರ ಮೇಲೆ ಕೆಂಚವ್ವ ಎಂಬ ಹೆಸರು.

"ಮೇಡಮ್ಮಾರೆ, ಎದಿ ಸುಡ್ತತ್ರಿ. ಕೆಮ್ಮಿದ್ರೆ ಕರ್ರಗೆ ಬೀಳ್ತತಿ. ನನಗೊಂದು ಆಸ್ಪತ್ರೆ ಚೀಟಿ ಕೊಡಿಸ್ರಿ, ನಿಮಗ ಪುಣ್ಯ ಬರ್ತತಿ."

ಚಂದ್ರಮತಿ ಫಲಕದಲ್ಲಿ ಕೆಂಚವ್ವನ ಚುಕ್ಕೆ ಮುಟ್ಟಿದರು. "ನಿನ್ನ ಶ್ವಾಸಕೋಶ ನನ್ನದಕ್ಕಿಂತ ಚೆನ್ನಾಗಿದೆಯಲ್ಲಮ್ಮ!"

ಕೆಂಚವ್ವ ಪಕ್ಕದಲ್ಲೇ ನಿಂತಿದ್ದ ಮಾಲೀಕ ದುರುಗಪ್ಪನ ಮುಖ ನೋಡಿದಳು. ಅವನು ನಕ್ಕ. "ಬಿಡ್ರಿ ಮೇಡಂ, ಕೆಲ್ಸ ತಪ್ಪಿಸ್ಕೊಳ್ಳೋಕೆ ಕೆಮ್ಮೋದೂ ಒಂದು ವಿದ್ಯೆ. ಏಯ್ ಕೆಂಚಿ, ಹೋಗಿ ಬಡಿಸು ಹೋಗು. ಊಟ ಆರ್ತತಿ."

ಊಟ ಭರ್ಜರಿಯಾಗಿತ್ತು. ಮುದ್ದೆ, ಮಟನ್ ಸಾರು, ಬಾಡಿನ ಪಲ್ಯ. ಪಟ್ಟಣದಿಂದ ಹೊಸ ಬಾಣಸಿಗನನ್ನು ಕರೆಸಿದ್ದರಂತೆ. ತುಂಡು ಬೆಣ್ಣೆಯಂತಿತ್ತು. ಚಂದ್ರಮತಿ ಎರಡನೆಯ ಸಲ ಹಾಕಿಸಿಕೊಂಡರು. ಬಡಿಸುತ್ತಿದ್ದ ಕೆಂಚವ್ವ ಆಚೆ ತಿರುಗಿ ಸೆರಗಿನೊಳಗೆ ಕೆಮ್ಮಿದಳು.

ಅಷ್ಟರಲ್ಲಿ ಸೈರನ್ ಕೂಗಿತು. ಒಲೆಗಳ ಬೆಂಕಿ ಭುಸ್ಸೆಂದು ಆರಿತು. ಫಲಕ ಚಂದ್ರಮತಿಯವರದೇ ದನಿಯಲ್ಲಿ ಸಾರಿತು: "ಕಾರ್ಮಿಕರಾದ ಕೆಂಚವ್ವ ಕೆಲಸದ ಸ್ಥಳದಲ್ಲಿ ಮೃತಪಟ್ಟಿದ್ದಾರೆ. ಭಟ್ಟಿಯನ್ನು ಮುಚ್ಚಲಾಗಿದೆ."

ಸಾರಿನ ಪಾತ್ರೆ ಹಿಡಿದ ಕೆಂಚವ್ವ ನಿಂತಲ್ಲೇ ನಿಂತಳು.

ಚಂದ್ರಮತಿ ಧಡಕ್ಕನೆದ್ದು ಅವಳ ಕೊರಳ ಪಟ್ಟಿಗೆ ಕೈಹಾಕಿದರು. ಬರೀ ಪ್ಲಾಸ್ಟಿಕ್ಕು, ಒಳಗೆ ಏನೂ ಇಲ್ಲ. ಹಿತ್ತಲಿನಿಂದ ಇನ್ನೊಂದು ಪಟ್ಟಿಯ ಕೀರಲು ಸದ್ದು ಬರುತ್ತಿತ್ತು. ಎಂಜಲು ಕೈಯಲ್ಲೇ ಅತ್ತ ಓಡಿದರು. ದುರುಗಪ್ಪನೂ ಕೆಂಚವ್ವನೂ ಹಿಂದೆಯೇ ಬಂದರು.

ಹಿತ್ತಲಲ್ಲಿ ಬೆಳ್ಳಗೆ ಸುಣ್ಣ ಹೊಡೆದ ಉದ್ದನೆಯ ಕೊಠಡಿಯಿತ್ತು. ಬಾಗಿಲು ತೆಗೆದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಗೋಡೆಯಲ್ಲಿ ಗಾಳಿ ಸೋಸುವ ಯಂತ್ರ, ತೊಟ್ಟಿಯಲ್ಲಿ ತಿಳಿನೀರು, ನೆಲಕ್ಕೆ ಮೆತ್ತನೆಯ ಹಾಸು. ಹಾಸಿನ ಮೇಲೆ ಸಾಲಾಗಿ ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಒಂದೊಂದರ ಕೊರಳಲ್ಲೂ ಒಂದೊಂದು ಶ್ವಾಸಸಾಕ್ಷಿ. ಒಂದರ ಮೇಲೆ ಹಾಲೇಶಿ, ಇನ್ನೊಂದರ ಮೇಲೆ ಮೈಲವ್ವ. ಹಿಂಬಾಗಿಲ ಹೊರಗೆ, ರಕ್ತ ತೊಳೆದ ಕಲ್ಲಿನ ಪಕ್ಕ, ಕಡಿದ ಒಂದು ಆಡಿನ ತಲೆ. ಅರ್ಧ ಕತ್ತಿಗೆ ಇನ್ನೂ ಕಟ್ಟಿಕೊಂಡಿದ್ದ ಕೆಂಚವ್ವನ ಪಟ್ಟಿ ಕೂಗುತ್ತಿತ್ತು.

"ಥೂ, ಆ ಹೊಸಾ ಸೂಳೆಮಗನಿಗೆ ಏನು ಗೊತ್ತು!" ದುರುಗಪ್ಪ ಹಣೆ ಚಚ್ಚಿಕೊಂಡ. "ಕೊಯ್ಯೋ ಮುಂಚೆ ಪಟ್ಟಿ ಬಿಚ್ಚಿ ಇನ್ನೊಂದಕ್ಕೆ ಕಟ್ಬೇಕಿತ್ತು."

ಚಂದ್ರಮತಿ ಗೋಡೆ ಹಿಡಿದು, ಉಂಡದ್ದನ್ನೆಲ್ಲ ಕಾರಿಕೊಂಡರು. ಶ್ರಮೋಷ್ಣವಂತೆ! ಆಡಿನ ಮೈಬಿಸಿಗೆ ಅವರು ಚಪ್ಪಾಳೆ ಹೊಡೆಸಿಕೊಂಡಿದ್ದರು.

"ಮನುಷ್ಯನೇನಯ್ಯ ನೀನು?"

"ಕಾಯ್ದೆ ಮೀರಿಲ್ಲ ಮೇಡಂ ನಾನು." ದುರುಗಪ್ಪನ ದನಿಯಲ್ಲಿ ನಿಜವಾದ ನೋವಿತ್ತು. "ಪಟ್ಟಿ ಇರೋ ಕಡೆ ಶುದ್ಧ ಗಾಳಿ ಇರ್ಬೇಕು ಅಂದ್ರಿ, ಐತಿ. ನೀರು ಅಂದ್ರಿ, ಐತಿ. ಒಂದು ಆಡಿಗೂ ನೆಗಡಿ ಬರದಂಗೆ ನೋಡ್ಕೊಂಡೀನಿ."

"ನೀವಾದರೂ ಹೇಳಬಾರದಿತ್ತೇ ಕೆಂಚವ್ವ?"

"ಮೊದ್ಲು ನಾವೇ ಕಟ್ಕಂಡಿದ್ವಿ. ದಿನಾ ಕೆಂಪಾಗಿ ಭಟ್ಟಿ ನಿಲ್ತಿತ್ತು. ಬೆಂಕಿ ಆರಿದ್ರೆ ಒಲಿ ಬದಲಿಸ್ಲಿಲ್ರಿ ಇವ್ರು, ನಮ್ಮನ್ನ ಮನಿಗೆ ಅಟ್ಟಿದ್ರು. ಹೊಟ್ಟಿ ಕೇಳ್ಬೇಕಲ್ಲ? ಆಡಿಗೆ ಕಟ್ಟೋಣು ಅಂದೋರು ನಾವೇರಿ. ಇವ್ರು ಅವಕ್ಕೆ ಮನಿ ಕಟ್ಟಿಸಿದ್ರು." ಅವಳು ಕೊಠಡಿಯ ಕಡೆ ನೋಡಿದಳು. "ಒಂದೊಂದ್ಸಲ ಕಸ ಗುಡಿಸೋ ನೆವದಾಗೆ ಒಳಗೆ ಹೋಗಿ ಉಸಿರು ತಗೊಂಡು ಬರ್ತೀವ್ರಿ."

ಚಂದ್ರಮತಿ ಕಾರ್ಮಿಕ ಇಲಾಖೆಗೆ ಫೋನು ಹಚ್ಚಿದರು. ಕೆಂಚವ್ವ ಬದುಕಿದ್ದಾಳೆ, ಕಣ್ಣೆದುರೇ ಇದ್ದಾಳೆ, ಎದೆ ಪೂರ್ತಿ ಕೆಟ್ಟಿದೆ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು ಎಂದರು.

"ಬಾಯಿಮಾತು ತಗೊಳ್ಳೋ ಹಾಗಿಲ್ವಲ್ಲ ಮೇಡಂ" ಎಂದ ಅಧಿಕಾರಿ ವಿನಯದಿಂದ. "ನೀವೇ ಬರೆಸಿದ ನಿಯಮ. ಪಟ್ಟಿ ಪ್ರಕಾರ ಆಕೆ ತೀರಿಕೊಂಡಿದ್ದಾರೆ. ಸತ್ತವರಿಗೆ ಚಿಕಿತ್ಸೆ ಮಂಜೂರು ಮಾಡೋದು ಹೇಗೆ? ಆದ್ರೆ ಚಿಂತೆ ಮಾಡ್ಬೇಡಿ, ಶವದ ವ್ಯಾನು ಹೊರಟಾಗಿದೆ. ಕೆಲಸದಲ್ಲಿ ಸತ್ತವರ ಎದೆಯನ್ನು ದೊಡ್ಡಾಸ್ಪತ್ರೆಯ ತಜ್ಞರೇ ನೋಡಬೇಕು, ಅದು ಕಡ್ಡಾಯ."

ಚಂದ್ರಮತಿ ಫೋನು ಕೆಳಗಿಟ್ಟರು. ಬದುಕಿದ್ದ ಎದೆಯನ್ನು ನೋಡಲು ಯಾರನ್ನೂ ಬಿಡದ ಕಾಯ್ದೆ, ಸತ್ತ ಎದೆಗೆ ತಜ್ಞರನ್ನು ಕಾಯಿಸಿ ಕೂರಿಸಿತ್ತು. ಅದನ್ನು ಬರೆದ ಕೈಯಲ್ಲಿ ಇನ್ನೂ ಸಾರಿನ ಜಿಡ್ಡಿತ್ತು.

ವ್ಯಾನು ಬಂತು. ಬಿಳಿ ಬಟ್ಟೆಯ ಇಬ್ಬರು ಸ್ಟ್ರೆಚರ್ ಇಳಿಸಿ ಕೇಳಿದರು, "ಹೆಣ ಎಲ್ರಿ?"

ದುರುಗಪ್ಪ ಊಟದ ಎಲೆಗಳ ಕಡೆ ನೋಡಿದ. ಚಂದ್ರಮತಿ ಕೆಂಚವ್ವನ ಭುಜ ಹಿಡಿದು ಮುಂದೆ ತಂದು ನಿಲ್ಲಿಸಿದರು.

"ಇವರೇ. ಕರೆದುಕೊಂಡು ಹೋಗಿ. ನಾನೂ ಬರುತ್ತೇನೆ."

ಆಳುಗಳು ಮುಖ ಮುಖ ನೋಡಿಕೊಂಡರು. ಫಲಕ ನೋಡಿದರು. ಹೆಸರು ಸರಿಯಿತ್ತು.

ಕೆಂಚವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಮಲಗೇ ಹೋಗ್ಬೇಕೇನ್ರಿ ಮೇಡಮ್ಮಾರೆ? ಮಲಗಿದ್ರೆ ಉಸಿರು ಕಟ್ತತಿ. ಕುಂತ್ಕೊಂಡು ಹೋದ್ರೆ ನಡಿತತೇನು?"